ಯಾವ ದೇಶದ ಬಿಯರ್ ಮೇಲು? ಸ್ಟೀಲ್ ಲೋಟಕ್ಕೆ ಸುರಿದು ನೋಡಿದೆವು

ಜಗಳ ಶುರುವಾಗಿದ್ದು ಹೊಸತೊಡಕಿನ ದಿನ. ವಿಜಯನಗರದ ನಮ್ಮ ಮನೆಯಲ್ಲಿ ಮುದ್ದೆ, ಮಟನ್ ಸಾರಿನ ಊಟ ಮುಗಿದಿತ್ತು. ಭಾವ ಏಳು ವರ್ಷ ಮ್ಯೂನಿಕ್‌ನಲ್ಲಿ ಕೆಲಸ ಮಾಡಿ ಬಂದವರು. ಬಿಯರ್ ಅಂದರೆ ಜರ್ಮನಿಯದ್ದು, ಉಳಿದದ್ದು ಬಿಯರೇ ಅಲ್ಲ ಅನ್ನುವುದು ಅವರ ವಾದ. ನನ್ನ ಆಫೀಸಿನ ಗೆಳೆಯ ಬೆಲ್ಜಿಯಂ ಪಕ್ಷ. ಮಹಡಿ ಮನೆಯ ಮೇಷ್ಟ್ರು ಕೆಮಿಸ್ಟ್ರಿ ಲೆಕ್ಚರರ್ ಆಗಿ ನಿವೃತ್ತರಾದವರು. ಅವರದ್ದು ಯಾವಾಗಲೂ ಕಿಂಗ್‌ಫಿಷರ್.

ಒಂದು ಗಂಟೆ ಕೂಗಾಡಿದ ಮೇಲೆ ಮೇಷ್ಟ್ರು ಹೇಳಿದರು: “ನೀವೆಲ್ಲ ಬಾಟಲಿ ನೋಡಿ ಮಾರ್ಕ್ಸ್ ಹಾಕ್ತಿದ್ದೀರಿ. ಪಿಯುಸಿ ಪೇಪರ್ ತಿದ್ದುವಾಗ ನಮಗೆ ಹುಡುಗರ ಹೆಸರು ಕಾಣ್ತಿರಲಿಲ್ಲ. ಹಾಗೆ ಮಾಡಿ ನೋಡೋಣ.”

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮೂರು ವಾರ ತಯಾರಿ ಮಾಡಿಕೊಂಡು ಒಂದು ಶನಿವಾರ ಸಂಜೆ ಎಲ್ಲರನ್ನೂ ಟೆರೇಸಿಗೆ ಕರೆದೆ. ಹೇಗೆ ಮಾಡಿದೆ, ಏನು ಗೊತ್ತಾಯಿತು ಅಂತ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಈ ಜಗಳ ಇರಬಹುದು, ಅಲ್ವಾ?

ಮೊದಲ ಕಷ್ಟ ಬಿಯರ್ ಆರಿಸುವುದು. ವಿದೇಶಿ ಹೆಸರಿದ್ದ ಮಾತ್ರಕ್ಕೆ ಅದು ಹೊರಗಿನಿಂದ ಬಂದದ್ದಲ್ಲ. ಹೈನೆಕೆನ್, ಬಡ್‌ವೈಸರ್, ಕಾರ್ಲ್ಸ್‌ಬರ್ಗ್ ಇವೆಲ್ಲ ಭಾರತದಲ್ಲೇ ತಯಾರಾಗುತ್ತವೆ. ಹಾಗಾಗಿ ಪ್ರತಿ ಬಾಟಲಿಯ ಹಿಂದಿನ ಚೀಟಿ ಓದಿದೆ. ಎಲ್ಲಿ ತಯಾರಾಯಿತು, ಯಾವ ತಿಂಗಳು, ಎಷ್ಟು ದಿನದೊಳಗೆ ಕುಡಿಯಬೇಕು, ಎಲ್ಲ ಅಲ್ಲೇ ಇರುತ್ತದೆ. ಎಂಆರ್‌ಪಿ ಅಂಗಡಿಯಲ್ಲಿ ನಿಂತು ಕನ್ನಡಕ ಹಾಕಿಕೊಂಡು ಓದುವವರನ್ನು ನಾನಂತೂ ನೋಡಿಲ್ಲ. ಓದಿ. ನಾನು ಕೊಂಡ ಕಿಂಗ್‌ಫಿಷರ್ ಪ್ರೀಮಿಯಂ ತಯಾರಾಗಿ ಒಂದು ತಿಂಗಳೂ ಆಗಿರಲಿಲ್ಲ. ಅದೇ ಅಂಗಡಿಯ ಒಂದು ಯುರೋಪಿಯನ್ ಲಾಗರ್‌ಗೆ ಹನ್ನೊಂದು ತಿಂಗಳಾಗಿತ್ತು. ಹಸಿರು ಬಾಟಲಿ ಬೇರೆ, ಟ್ಯೂಬ್‌ಲೈಟ್ ಕೆಳಗೆ ಶೋಕೇಸ್‌ನಲ್ಲಿ ನಿಂತಿತ್ತು. ಬೇಕೆಂದೇ ಅದನ್ನೂ ತಗೊಂಡೆ.

ಪಿಲ್ಸ್‌ನರ್ ಉರ್ಕ್ವೆಲ್ ತಂದವನು ಭಾವನ ಮಗ. ವಿದೇಶದಿಂದ ಬರುವವರು ಸುಂಕ ಕಟ್ಟದೆ ಎರಡು ಲೀಟರ್ ತರಬಹುದು. ಅಂದರೆ ಅರ್ಧ ಲೀಟರಿನ ನಾಲ್ಕು ಕ್ಯಾನ್. ಗೆಳೆಯ ತನ್ನ ಪಾಲಿನದ್ದೆಂದು ಬೆಲ್ಜಿಯಂನ ಶಿಮೇ ಬ್ಲೂ ತಂದ. ಜರ್ಮನಿಯ ಬವೇರಿಯ ರಾಜ್ಯದ ಎರಡು ಬಗೆಯ ಗೋಧಿ ಬಿಯರ್, ಬೆಲ್ಜಿಯಂನ ಗೋಧಿ ಬಿಯರ್ ಹೂಗಾರ್ಡನ್, ಜಪಾನಿನ ಅಸಾಹಿ, ಐರ್ಲೆಂಡಿನ ಗಿನ್ನೆಸ್ ಕ್ಯಾನ್ ಸೇರಿಸಿದೆ. ಸ್ಟ್ರಾಂಗ್ ಬಿಯರ್ ಬೇಡ ಅಂತ ನಾನೇ ತೀರ್ಮಾನ ಮಾಡಿದೆ. ನಮ್ಮಲ್ಲಿ ಹೆಚ್ಚು ಮಾರಾಟವಾಗುವುದು ಅದೇ, ಗೊತ್ತು. ಆದರೆ ಶೇಕಡಾ 7-8ರ ಸ್ಟ್ರಾಂಗ್ ಒಂದು ಸುತ್ತು ಹೋದರೆ ಆಮೇಲೆ ನಾಲಿಗೆ ಬೇರೆ ಯಾವುದನ್ನೂ ಸರಿಯಾಗಿ ಹೇಳುವುದಿಲ್ಲ.

ಎರಡನೆಯ ತೀರ್ಮಾನ ಇನ್ನೂ ಮುಖ್ಯ. ಒಂದೇ ಜಾತಿಯದನ್ನು ಒಂದೇ ಸಾಲಿನಲ್ಲಿ ಇಡಬೇಕು. ಲಾಗರ್ ಜೊತೆ ಲಾಗರ್, ಗೋಧಿ ಜೊತೆ ಗೋಧಿ. ಗಿನ್ನೆಸ್ ಮೇಲೋ ಕಿಂಗ್‌ಫಿಷರ್ ಮೇಲೋ ಅಂತ ಕೇಳುವುದು ತಿಳಿಸಾರು ಚೆನ್ನಾಗಿದೆಯೋ ಪಾಯಸ ಚೆನ್ನಾಗಿದೆಯೋ ಅಂತ ಕೇಳಿದ ಹಾಗೆ. ಲಾಗರ್‌ನ ಯೀಸ್ಟ್ ತಂಪಿನಲ್ಲಿ ನಿಧಾನಕ್ಕೆ ಕೆಲಸ ಮಾಡುತ್ತದೆ, ಆಮೇಲೆ ಬಿಯರ್ ವಾರಗಟ್ಟಲೆ ತಂಪಿನಲ್ಲೇ ಇರುತ್ತದೆ. ‘ಲಾಗರ್ನ್’ ಅಂದರೆ ಜರ್ಮನ್ ಭಾಷೆಯಲ್ಲಿ ಕೂಡಿಡುವುದು ಅಂತಲೇ ಅರ್ಥ. ಅದಕ್ಕೇ ರುಚಿ ಶುದ್ಧ, ಹಗುರ. ಬಿಯರಿನ ಇನ್ನೊಂದು ಜಾತಿ ಏಲ್; ಗೋಧಿ ಬಿಯರ್, ಗಿನ್ನೆಸ್, ಶಿಮೇ ಎಲ್ಲ ಅದೇ. ಏಲ್‌ನ ಯೀಸ್ಟಿಗೆ ಬೆಚ್ಚಗಿರಬೇಕು, ಅದು ಹಣ್ಣಿನ, ಮಸಾಲೆಯ ವಾಸನೆಗಳನ್ನು ಹುಟ್ಟಿಸುತ್ತದೆ. ಇವೆರಡನ್ನು ಒಟ್ಟಿಗೆ ತೂಗಿದರೆ ದೇಶ ದೇಶದ ಹೋಲಿಕೆ ಆಗುವುದಿಲ್ಲ.

ಸುರಿಯುವ ಕೆಲಸ ನನ್ನ ಹೆಂಡತಿಯದ್ದು. ಅವಳು ಕುಡಿಯುವುದಿಲ್ಲ, ಹಾಗಾಗಿ ಯಾರ ಪಕ್ಷವೂ ಇಲ್ಲ. ಅಡುಗೆಮನೆಯಲ್ಲಿ ಸುರಿದು, ಲೋಟದ ತಳಕ್ಕೆ ಅಂಟಿಸಿದ ನಂಬರ್ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ತಟ್ಟೆಯಲ್ಲಿಟ್ಟು ಮೇಲೆ ತರುತ್ತಿದ್ದಳು. ಲೋಟ ಸ್ಟೀಲಿನದ್ದು, ದಿನಾ ನೀರು ಕುಡಿಯುವ ಲೋಟವೇ. ಗಾಜಿನ ಲೋಟವಾದರೆ ಬಣ್ಣ ನೋಡಿಯೇ ಅರ್ಧ ಊಹೆ ಮಾಡಿಬಿಡುತ್ತಾರೆ. ಹಿಂದಿನ ರಾತ್ರಿ ಲೋಟಗಳನ್ನು ಸೋಪಿನ ಪಸೆ ಉಳಿಯದ ಹಾಗೆ ಬಿಸಿನೀರಲ್ಲಿ ಮೂರು ಸಲ ತೊಳೆದೆವು. ಸೋಪು, ಜಿಡ್ಡು ಎರಡೂ ನೊರೆಯನ್ನು ಸಾಯಿಸುತ್ತವೆ, ನೊರೆ ಹೋದರೆ ವಾಸನೆಯೂ ಹೋಗುತ್ತದೆ.

ಒಬ್ಬರಿಗೆ ಒಂದು ಸಲಕ್ಕೆ ಅರವತ್ತು ಎಂಎಲ್ ಮಾತ್ರ. ಮಧ್ಯೆ ನೀರು, ಉಪ್ಪು ಖಾರ ಇಲ್ಲದ ಬರೀ ಪುರಿ. ಕಾಂಗ್ರೆಸ್ ಕಡ್ಲೆಬೀಜ, ನಿಪ್ಪಟ್ಟು ಕೊನೆಯ ಸುತ್ತು ಮುಗಿಯುವ ತನಕ ಬೀರುವಿನಲ್ಲಿ. ಫ್ರಿಜ್‌ನಿಂದ ತೆಗೆದು ಲಾಗರ್‌ಗೆ ಐದು ನಿಮಿಷ, ಗೋಧಿಗೆ ಹತ್ತು, ಶಿಮೇಗೆ ಅರ್ಧ ಗಂಟೆ ಹೊರಗೆ ಬಿಟ್ಟೆವು. ಐಸ್‌ನಂತೆ ಕೊರೆಯುವ ಬಿಯರ್ ನಮಗೆ ಅಭ್ಯಾಸ. ಆದರೆ ಆ ತಂಪು ನಾಲಿಗೆಯನ್ನು ಜಡ ಮಾಡಿಬಿಡುತ್ತದೆ. ಗಾಡಿ ಯಾರೂ ತಂದಿರಲಿಲ್ಲ. ಗೆಳೆಯ, ಅವನ ಹೆಂಡತಿ ಮೆಟ್ರೋದಲ್ಲಿ ಬಂದರು. ಅಕ್ಕ, ಭಾವ ನಮ್ಮಲ್ಲೇ ಉಳಿದರು. ಕುಡಿಯುವವರು ನಾನು ಸೇರಿ ಆರು ಜನ.

ಮೊದಲ ಸುತ್ತು ಲಾಗರ್, ನಾಲ್ಕು ಲೋಟ. ಮಾತಾಡಬಾರದು, ಹತ್ತಕ್ಕೆ ಎಷ್ಟು ಅಂತ ಚೀಟಿಯಲ್ಲಿ ಬರೆಯಬೇಕು, ಜೊತೆಗೆ ಒಂದು ಸಾಲು ಯಾಕೆ ಅಂತ. ಆ ಒಂದು ಸಾಲನ್ನು ಬಿಡಬೇಡಿ, ಮಾರ್ಕ್ಸ್‌ಗಿಂತ ಹೆಚ್ಚು ಹೇಳುವುದು ಅದೇ. ಹಸಿರು ಬಾಟಲಿಯ ಲಾಗರ್ ಎಲ್ಲರ ಚೀಟಿಯಲ್ಲೂ ಕೊನೆ. “ನೆನೆದ ರಟ್ಟಿನ ವಾಸನೆ” ಅಂತ ಅಕ್ಕ ಬರೆದಿದ್ದಳು. ಮೇಷ್ಟ್ರು ವಿವರಿಸಿದರು: ಹಳೆಯದಾದ ಬಿಯರಿನಲ್ಲಿ ಆಕ್ಸಿಜನ್‌ನಿಂದಾಗಿ ಹುಟ್ಟುವ ಒಂದು ವಸ್ತುವಿಗೆ ಸರಿಯಾಗಿ ಆ ವಾಸನೆಯೇ ಇದೆ. ಬೆಳಕಿನ ಕಥೆ ಬೇರೆ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಎಂಬ ಹೂವಿನ ಕಹಿ ಅಂಶದ ಮೇಲೆ ಬೆಳಕು ಬಿದ್ದರೆ ಗಂಧಕದ ಒಂದು ನಾತ ಹುಟ್ಟುತ್ತದೆ. ಕಂದು ಗಾಜು ಅದನ್ನು ಬಹಳ ಮಟ್ಟಿಗೆ ತಡೆಯುತ್ತದೆ. ಹಸಿರು, ಬಿಳಿ ಗಾಜು ತಡೆಯುವುದು ಕಷ್ಟ.

ಮೊದಲ ಸ್ಥಾನ ಪಿಲ್ಸ್‌ನರ್ ಉರ್ಕ್ವೆಲ್‌ಗೆ. ನನ್ನ ಚೀಟಿಯಲ್ಲಿ ಒಂಬತ್ತು ಇತ್ತು. ಮೊದಲು ಬ್ರೆಡ್ಡಿನ ಹೊರಪದರದ ಸಿಹಿ, ಹಿಂದೆಯೇ ಹುಲ್ಲು, ಹೂವಿನ ವಾಸನೆಯ ಒಂದು ಕಹಿ, ಆ ಕಹಿ ನಿಂತು ನಿಧಾನಕ್ಕೆ ಹೋಗುತ್ತದೆ. ಇದು ಶೇಕಡಾ 4.4 ಅಷ್ಟೇ. ಜೆಕ್ ದೇಶದ ಪ್ಲ್ಜೆನ್ ಊರಿನಲ್ಲಿ 1842ರಲ್ಲಿ ಇದನ್ನು ಮೊದಲು ಮಾಡಿದರು. ಆ ಊರಿನ ನೀರು ತುಂಬ ಮೆದು, ಹಾಪ್ಸ್ ಪಕ್ಕದ ಜಾಟೆಟ್ಸ್ ಕಡೆಯದ್ದು. ಇವತ್ತು ಜಗತ್ತಿನ ಮೂಲೆ ಮೂಲೆಯಲ್ಲಿ ಕುಡಿಯುವ ಹೊಂಬಣ್ಣದ ಲಾಗರ್‌ಗಳೆಲ್ಲ ಇದರ ವಂಶ. ನಮ್ಮ ಕಿಂಗ್‌ಫಿಷರ್ ಕೂಡ.

ಇಷ್ಟು ಹೇಳಿದ್ದೇ ತಡ, ಭಾವ ಎದ್ದು ಕೂತರು. “ಅದನ್ನ ಮಾಡಿದವನು ಯೋಸೆಫ್ ಗ್ರೋಲ್. ಬವೇರಿಯದವನು. ಹಾಗಾದರೆ ಗೆದ್ದದ್ದು ಜರ್ಮನಿ!”

“ಭಾವ, ಉಡುಪಿಯಿಂದ ಬಂದ ಭಟ್ಟರು ಬೆಂಗಳೂರಲ್ಲಿ ಬೆಂಗಳೂರು ನೀರು ಹಾಕಿ ಹುಯ್ದ ದೋಸೆ ಯಾವ ಊರಿನದ್ದು?” ಅಂತ ನಾನು ಕೇಳಿದೆ. ಅದಕ್ಕೆ ಇವತ್ತಿನವರೆಗೂ ನಮ್ಮಲ್ಲಿ ಒಮ್ಮತ ಇಲ್ಲ. ಮೇಷ್ಟ್ರು ಇನ್ನೊಂದು ಎಳೆ ತೆಗೆದರು. ಕಿಂಗ್‌ಫಿಷರ್ ಮಾಡುವ ಯುನೈಟೆಡ್ ಬ್ರೂವರೀಸ್ ಶುರುವಾಗಿದ್ದು 1915ರಲ್ಲಿ, ಶುರು ಮಾಡಿದವರು ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವರು. 2021ರಿಂದ ಅದರ ಹೆಚ್ಚಿನ ಪಾಲು ಹಾಲೆಂಡಿನ ಹೈನೆಕೆನ್ ಕೈಯಲ್ಲಿದೆ. ಪಿಲ್ಸ್‌ನರ್ ಉರ್ಕ್ವೆಲ್ 2017ರಿಂದ ಜಪಾನಿನ ಅಸಾಹಿಯದ್ದು. ದೇಶದ ಬಾವುಟ ಹಿಡಿದು ವಾದ ಮಾಡುವುದು ನಾವು ಅಂದುಕೊಂಡಷ್ಟು ಸುಲಭವಲ್ಲ.

ಎರಡನೇ ಸ್ಥಾನ ಕಿಂಗ್‌ಫಿಷರ್‌ಗೆ, ಅರ್ಧ ಮಾರ್ಕು ಹಿಂದೆ ಅಸಾಹಿ. ಅರ್ಧ ಮಾರ್ಕು ನಿಜವಾದ ವ್ಯತ್ಯಾಸವೋ ಸುಮ್ನೆ ಬಂದದ್ದೋ? ಮೇಷ್ಟ್ರು ಅದಕ್ಕೊಂದು ಪರೀಕ್ಷೆ ಹೇಳಿಕೊಟ್ಟರು. ಮೂರು ಲೋಟ, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆಯದು ಯಾವುದು ಅಂತ ಹೇಳಬೇಕು. ಬಿಯರ್ ಕಂಪನಿಗಳಲ್ಲೂ ಹೀಗೇ ಪರೀಕ್ಷೆ ಮಾಡುತ್ತಾರಂತೆ. ಆರು ಜನರಲ್ಲಿ ಇಬ್ಬರು ಸರಿ ಹೇಳಿದರು. ಕಣ್ಣುಮುಚ್ಚಿ ಊಹಿಸಿದರೂ ಮೂವರಲ್ಲಿ ಒಬ್ಬರದ್ದು ಸರಿಯಾಗುತ್ತದೆ, ಅಂದರೆ ಆರರಲ್ಲಿ ಇಬ್ಬರು. ನಮಗೆ ವ್ಯತ್ಯಾಸ ಗೊತ್ತಾಗಲೇ ಇಲ್ಲ ಅಂತ ಅರ್ಥ! ಜಪಾನಿನ ಲಾಗರ್‌ನಲ್ಲೂ ನಮ್ಮ ಕಡೆಯ ಹೆಚ್ಚಿನ ಲಾಗರ್‌ಗಳಲ್ಲೂ ಬಾರ್ಲಿಯ ಜೊತೆ ಅಕ್ಕಿಯೋ ಮೆಕ್ಕೆಜೋಳವೋ ಸೇರಿರುತ್ತದೆ. ಎರಡೂ ಹಗುರ, ಎರಡೂ ಕಹಿ ಕಡಿಮೆ. ಅದೇ ಪರೀಕ್ಷೆಯನ್ನು ಪಿಲ್ಸ್‌ನರ್ ಮತ್ತು ಕಿಂಗ್‌ಫಿಷರ್ ಇಟ್ಟು ಮಾಡಿದಾಗ ಆರಕ್ಕೆ ಆರು ಸರಿ. ನನಗೆ ಆ ಸಂಜೆಯ ಅತಿ ಮುಖ್ಯ ಫಲಿತಾಂಶ ಇದು. ಇದನ್ನು ಮಾಡದೆ ಅರ್ಧ ಮಾರ್ಕಿಗಾಗಿ ಜಗಳ ಆಡಬೇಡಿ.

ಗೋಧಿಯ ಸುತ್ತಿನಲ್ಲಿ ಅಕ್ಕನದ್ದೇ ಮೇಲುಗೈ. ಬವೇರಿಯದ ಎರಡನ್ನೂ ಮೂಸಿ “ಲವಂಗ ಹಾಕಿದ ಬಾಳೆಹಣ್ಣಿನ ರಸಾಯನ” ಅಂತ ಬರೆದಳು. ಬಾಳೆಯೂ ಇಲ್ಲ, ಲವಂಗವೂ ಇಲ್ಲ, ಎರಡು ವಾಸನೆಯೂ ಯೀಸ್ಟ್ ಮಾಡಿದ್ದು. ಬಾಳೆಯ ವಾಸನೆಯ ಎಸ್ಟರನ್ನು ಕಾಲೇಜಿನ ಲ್ಯಾಬ್‌ನಲ್ಲಿ ಹುಡುಗರ ಕೈಯಲ್ಲಿ ಎಷ್ಟೋ ಸಲ ಮಾಡಿಸಿದ್ದೇನೆ ಅಂದರು ಮೇಷ್ಟ್ರು. ಮೂರನೇ ಲೋಟಕ್ಕೆ ಅಕ್ಕ ತಡವೇ ಮಾಡಲಿಲ್ಲ, “ಇದರಲ್ಲಿ ಧನಿಯ ಇದೆ.” ವರ್ಷಾ ವರ್ಷ ಸಾರಿನ ಪುಡಿ ಮಾಡುವವಳಿಗೆ ಅದು ತಪ್ಪುತ್ತದೆಯೇ? ಹೂಗಾರ್ಡನ್‌ಗೆ ಧನಿಯ, ಕಿತ್ತಳೆ ಸಿಪ್ಪೆ ಎರಡನ್ನೂ ಹಾಕುತ್ತಾರೆ. ಬೆಲ್ಜಿಯಂನ ಹೂಗಾರ್ಡನ್ ಊರಿನಲ್ಲಿ ಈ ಬಗೆಯ ಬಿಯರ್ ಮಾಡುವುದು ಪೂರ್ತಿ ನಿಂತೇಹೋಗಿತ್ತು. 1960ರ ದಶಕದಲ್ಲಿ ಪಿಯೆರ್ ಸೆಲಿಸ್ ಎಂಬ ಹಾಲು ಮಾರುವವರು ಅದನ್ನು ಮತ್ತೆ ಬದುಕಿಸಿದರು. ಇದನ್ನು ಓದಿದಾಗಿನಿಂದ ನನಗೆ ಆ ಬಿಯರ್ ಮೇಲೆ ಪ್ರೀತಿ ಜಾಸ್ತಿ.

ಭಾವ ಬಿಡಲಿಲ್ಲ. ಬವೇರಿಯದಲ್ಲಿ 1516ರಲ್ಲೇ ಕಾನೂನು ಬಂತು, ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕುವಂತಿಲ್ಲ, ಧನಿಯ ಹಾಕಿದ್ದು ಬಿಯರೇ ಅಲ್ಲ ಅಂದರು. ಗೆಳೆಯ ನಿಧಾನವಾಗಿ ಕೇಳಿದ, “ಸರ್, ಆ ಪಟ್ಟಿಯಲ್ಲಿ ಗೋಧಿ ಇದೆಯಾ?” ಇಲ್ಲ. ಆಮೇಲೆ ಗೋಧಿ ಬಿಯರ್ ಮಾಡುವ ಹಕ್ಕನ್ನು ಬವೇರಿಯದ ದೊರೆಮನೆತನ ಬಹಳ ಕಾಲ ತನ್ನ ಕೈಯಲ್ಲೇ ಇಟ್ಟುಕೊಂಡಿತ್ತು. ಆ ಕಾನೂನು ಗುಣಮಟ್ಟ ಕಾಪಾಡಿತು ಅನ್ನುವುದನ್ನು ನಾನು ಒಪ್ಪುತ್ತೇನೆ. ಅದನ್ನೇ ರುಚಿಯ ಅಳತೆಗೋಲು ಮಾಡುವುದನ್ನು ಒಪ್ಪುವುದಿಲ್ಲ.

ಕಪ್ಪು ಬಿಯರ್‌ಗಳಲ್ಲಿ ಕಣ್ಣುಮುಚ್ಚಾಲೆ ಸಾಧ್ಯವಿಲ್ಲ, ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಗಿನ್ನೆಸ್‌ಗೆ ಹುರಿದ ಬಾರ್ಲಿ ಹಾಕುತ್ತಾರೆ, ಸಕ್ಕರೆ ಹಾಕದ ಫಿಲ್ಟರ್ ಡಿಕಾಕ್ಷನ್ ನೆನಪಾಗುತ್ತದೆ. ನೋಡಲು ಗಟ್ಟಿ, ಆದರೆ ಆಲ್ಕೋಹಾಲ್ ಮಾಮೂಲಿ ಲಾಗರ್‌ಗಿಂತ ಕಡಿಮೆ. ಶಿಮೇ ಬ್ಲೂ ಶೇಕಡಾ 9, ಅದಕ್ಕೇ ಅದನ್ನು ಕೊನೆಗಿಟ್ಟೆ. ಕ್ರೈಸ್ತ ಸನ್ಯಾಸಿಗಳ ಮಠದಲ್ಲಿ ತಯಾರಾಗುವಂಥದ್ದು. ಅಂಜೂರ, ಬೆಲ್ಲದ ಪಾಕ, ಸ್ವಲ್ಪ ಮೆಣಸು. ಅದನ್ನು ಊಟದ ನಂತರ ಒಬ್ಬರೇ ಕೂತು ಕುಡಿಯಬೇಕು.

ಎರಡು ವಾರ ಬಿಟ್ಟು ಭಾವನನ್ನು ಇಂದಿರಾನಗರದ ಟಾಯಿಟ್‌ಗೆ ಕರೆದುಕೊಂಡು ಹೋದೆ. 2010ರಲ್ಲಿ ಶುರುವಾದ ಜಾಗ. ಅಲ್ಲೇ ತಯಾರಿಸಿ ಅಲ್ಲೇ ಬಡಿಸುತ್ತಾರೆ. ಅಲ್ಲಿನ ಗೋಧಿ ಬಿಯರ್ ಒಂದು ಗುಟುಕು ಕುಡಿದು ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು, “ನಾನು ಮ್ಯೂನಿಕ್‌ನಲ್ಲಿ ಕುಡೀತಿದ್ದದ್ದು ಹೀಗೆ ಇರ್ತಿತ್ತು ಕಣೋ. ಅವತ್ತು ಟೆರೇಸಲ್ಲಿ ಕುಡಿದ ಬಾಟಲಿ ಹೀಗಿರಲಿಲ್ಲ.” ಹಡಗಿನಲ್ಲಿ ಬಿಸಿಲು ತಿಂದು, ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತು ಬಂದ ಬಾಟಲಿಯಿಂದ ಒಂದು ದೇಶವನ್ನು ಅಳೆಯುವುದು ಆ ದೇಶಕ್ಕೂ ಅನ್ಯಾಯ. ಅದಕ್ಕೇ ಈಗ ಯಾರಾದರೂ ಯಾವ ದೇಶದ ಬಿಯರ್ ಒಳ್ಳೆಯದು ಅಂತ ಕೇಳಿದರೆ ನಾನು ಮೊದಲು ಬಾಟಲಿ ತಿರುಗಿಸಿ ತಾರೀಖು ನೋಡುತ್ತೇನೆ.

ಪಿಲ್ಸ್‌ನರ್‌ನ ಒಂದು ಕ್ಯಾನ್ ಉಳಿದಿತ್ತು. ಅದನ್ನು ಅಡುಗೆಮನೆಯ ಅಟ್ಟದ ಮೇಲೆ ಇಟ್ಟಿದ್ದೇನೆ. ದಸರಾಕ್ಕೆ ಭಾವನ ಮಗ ಮತ್ತೆ ಬರುತ್ತಾನೆ, ಹೊಸ ಕ್ಯಾನ್ ತರುತ್ತಾನೆ. ಅವತ್ತು ಅದೂ ಇದೂ ಸೇರಿ ಮೂರು ಲೋಟ.