ಎಳೆ ಮಗುವಿನ ಮೈಬಿಸಿ: ನಾನು ಅಳೆಯುವ ಕ್ರಮ

ಸಕಲೇಶಪುರ, ಮೂಡಿಗೆರೆ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಬಾಣಂತಿ ಕೋಣೆಯ ಕಿಟಕಿ ತೆರೆಯುವುದಿಲ್ಲ. ಮಗುವಿಗೆ ಕುಲಾವಿ, ಸ್ವೆಟರ್, ಮೇಲೊಂದು ಕಂಬಳಿ, ಪಕ್ಕದಲ್ಲಿ ಅಗ್ಗಿಷ್ಟಿಕೆ. ಮೊದಲು ಅಗ್ಗಿಷ್ಟಿಕೆಯನ್ನು ಹೊರಗಿಡಿಸುತ್ತೇನೆ. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಹೊಗೆ ಪ್ರಾಣಕ್ಕೇ ಅಪಾಯ. ಹಣೆ ಮುಟ್ಟಿ ಜ್ವರ ಹೇಳುವುದಿಲ್ಲ. ಮಳೆಯಿಂದ ಬಂದ ತಣ್ಣನೆಯ ಕೈಗೆ ಎಲ್ಲ ಮಕ್ಕಳ ಮೈಯೂ ಬಿಸಿಯೇ.

ಸ್ನಾನವಾಗಿದ್ದರೆ ಅರ್ಧ ಗಂಟೆ ಕಾಯುತ್ತೇನೆ. ಕಂಕುಳಿನ ಬೆವರು ಒರೆಸಿ, ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಕಂಕುಳಿನ ನಡುಮಧ್ಯಕ್ಕಿಟ್ಟು, ತೋಳನ್ನು ಪಕ್ಕೆಗೆ ಒತ್ತಿ ಹಿಡಿದು, ಬೀಪ್ ಆಗುವವರೆಗೆ ಬಿಡುವುದಿಲ್ಲ. ತುದಿ ಬಟ್ಟೆಗೆ ತಾಗಿದರೆ, ಇಲ್ಲವೇ ಹಿಂದಕ್ಕೆ ಇಣುಕಿದರೆ ಅಂಕಿ ಕಡಿಮೆ ಬರುತ್ತದೆ. ಹಣೆಗೆ ಹಿಡಿಯುವ ಗನ್ನನ್ನು ಚಳಿಗಾಳಿಯಲ್ಲಿ ಬಂದ ಮಗುವಿಗೆ ನಾನು ನಂಬುವುದಿಲ್ಲ.

ಕಂಕುಳಿನಲ್ಲಿ 97.7ರಿಂದ 99.5 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 36.5ರಿಂದ 37.5 ಸೆಲ್ಸಿಯಸ್, ಸಹಜ. ಬೆಳಗಿನ ಜಾವಕ್ಕಿಂತ ಸಂಜೆ ತುಸು ಹೆಚ್ಚಿರುತ್ತದೆ. ಆಡಿ ಬಂದ ಮಗುವಿಗೆ ಸಂಜೆ 99 ತೋರಿಸಿದರೆ ಔಷಧಿ ಬೇಡ. ಕೆಲವರು ಕಂಕುಳಿನ ಅಂಕಿಗೆ ಒಂದು ಡಿಗ್ರಿ ಸೇರಿಸಿ ಹೇಳುತ್ತಾರೆ, ಸೇರಿಸಬೇಡಿ. ಬಂದ ಅಂಕಿ, ಅಳೆದ ಜಾಗ, ಹೊತ್ತು ಇಷ್ಟನ್ನು ಬರೆದುಕೊಂಡರೆ ವೈದ್ಯರಿಗೆ ಸಾಕು.

ಎರಡು ತಿಂಗಳೊಳಗಿನ ಮಗುವಿನ ಲೆಕ್ಕವೇ ಬೇರೆ. 99.5 ಅಥವಾ ಹೆಚ್ಚಿದ್ದು ಮಗು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ, ಕಂಬಳಿ, ಸ್ವೆಟರ್ ತೆಗೆದು ಹದಿನೈದು ಇಪ್ಪತ್ತು ನಿಮಿಷದ ಮೇಲೆ ಮತ್ತೆ ಅಳೆಯುತ್ತೇನೆ. ಆಗಲೂ ಇಳಿಯದಿದ್ದರೆ ಅದೇ ಹೊತ್ತಿಗೆ ಆಸ್ಪತ್ರೆಗೆ. ಹಾಲು ಬಿಟ್ಟಿದ್ದರೆ, ಮೈ ಜೋಲಾಗಿದ್ದರೆ, ಉಸಿರು ಏದುತ್ತಿದ್ದರೆ ಎರಡನೇ ಸಲ ಅಳೆಯುತ್ತ ಕೂರುವುದಿಲ್ಲ. ಮನೆಯಲ್ಲಿ ಪ್ಯಾರಾಸಿಟಮಾಲ್ ಕೊಡುವುದೂ ಇಲ್ಲ.

ನಮ್ಮ ಮಲೆನಾಡಿನಲ್ಲಿ ಜನ ಬಿಸಿಗೆ ಹೆದರುವಷ್ಟು ತಂಪಿಗೆ ಹೆದರುವುದಿಲ್ಲ, ಹೆದರಬೇಕು. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗುವಿಗೆ ಚಳಿಯಾಗಿದೆ. ತಾಯಿಯ ಎದೆಗೆ ಬರಿಮೈಯಲ್ಲಿ ಒರಗಿಸಿ ಮೇಲೆ ಹೊದಿಸಬೇಕು. ಹೊಟ್ಟೆಯೂ ತಣ್ಣಗಿದ್ದರೆ, ಅಥವಾ 95.9ಕ್ಕಿಂತ ಕೆಳಗಿದ್ದರೆ, ಹಾಗೆಯೇ ಎದೆಗವಚಿಕೊಂಡು ಆಸ್ಪತ್ರೆಗೆ ಹೊರಡಬೇಕು. ಎಳೆಗೂಸಿಗೆ ಸೋಂಕು ತಗುಲಿದಾಗ ಜ್ವರ ಬರುವ ಬದಲು ಮೈ ತಣ್ಣಗಾಗುವುದೂ ಉಂಟು.

ದೊಡ್ಡ ಮಕ್ಕಳಿಗೆ 100.4 ದಾಟಿ ಮಗು ಸಂಕಟಪಡುತ್ತಿದ್ದರೆ ಪ್ಯಾರಾಸಿಟಮಾಲ್, ಕಿಲೋ ತೂಕಕ್ಕೆ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ: 5 ಮಿಲಿಗೆ 250 ಇರುವ ಸಿರಪ್ ಆದರೆ 3 ಮಿಲಿ, 1 ಮಿಲಿಗೆ 100 ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿಲಿ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಎರಡರಷ್ಟು ಔಷಧಿ ಒಳಗೆ ಹೋಗುತ್ತದೆ. ಆರು ಗಂಟೆ ಅಂತರ, ದಿನಕ್ಕೆ ನಾಲ್ಕೇ ಸಲ.