ಕೆಂಪು ಬಣ್ಣ ತರಿತರಿಯಾದಾಗ

1/24 ಅಳತೆಯ ಫೆರಾರಿ ಎಫ್40 ಕಿಟ್, ಅಂದರೆ ಬಿಡಿಭಾಗ ಜೋಡಿಸಿ ಬಣ್ಣ ಹಚ್ಚುವ ಪ್ಲಾಸ್ಟಿಕ್ ಮಾದರಿ ಕಾರು. 1987ರ ಆ ಕಾರಿನ ಕೆಂಪಿಗೆ ಮನಸೋತು 6 ತಿಂಗಳು ದುಡ್ಡು ಕೂಡಿಟ್ಟು ಕೊಂಡಿದ್ದೆ. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯ ನಮ್ಮ ತಾರಸಿ ಮೇಲೆ ಸ್ಪ್ರೇ ಹೊಡೆದೆ. ಒಣಗಿದ ಮೇಲೆ ಮುಟ್ಟಿದರೆ ರವೆ ಸವರಿದಂಗೆ ತರಿತರಿ! ಕರುಳು ಚುರುಕ್ ಅಂತು.

ಡಬ್ಬಿಯದೇನೂ ತಪ್ಪಿಲ್ಲ. ಒಂದಡಿಗಿಂತ ದೂರದಿಂದ ಹೊಡೆದಿದ್ದೆ. ಆ ಬಿಸಿಗಾಳಿಗೆ ಬಣ್ಣದ ಹನಿಗಳು ಕಾರಿನ ಮೈ ಮುಟ್ಟುವ ಮೊದಲೇ ಅರ್ಧ ಒಣಗಿದ್ದವು. 2 ದಿನ ಬಿಟ್ಟು, 2000 ನಂಬರಿನ ವಾಟರ್ ಪೇಪರನ್ನು (ತುಂಬಾ ನಯವಾದ ಉಜ್ಜುಕಾಗದ) ಸೋಪು ನೀರಲ್ಲಿ ನೆನೆಸಿ ಮೆಲ್ಲಗೆ ಉಜ್ಜಿದೆ. ಅಂಚುಗಳಲ್ಲಿ ಮಾತ್ರ ಕೈ ಹಗುರ ಇರಲಿ, ಅಲ್ಲಿ ಬಣ್ಣ ಬೇಗ ಸವೆದು ಪ್ಲಾಸ್ಟಿಕ್ ಕಾಣುತ್ತೆ. ಆಮೇಲೆ ಬೆಳಿಗ್ಗೆ ಬಿಸಿಲೇರುವ ಮುಂಚೆ, ಒಂದು ಗೇಣು ದೂರದಿಂದ 3 ತೆಳು ಕೋಟ್, ನಡುನಡುವೆ 15 ನಿಮಿಷ ಬಿಡುವು.

ಕೊನೆಯ ಕೋಟಿಗೆ ಬಾನೆಟ್ ಮೇಲೆ ನಮ್ಮ ನೀರಿನ ಟ್ಯಾಂಕಿನ ಪ್ರತಿಬಿಂಬ ಮೂಡಿತು. ಹಿಂದಿನ ರೆಕ್ಕೆ ಅಂಟಿಸೋದೊಂದು ಬಾಕಿ.