ಫಿಲ್ಟರ್ ಕೊಳ್ಳುವ ಮೊದಲು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡುತ್ತೇನೆ

ರಾತ್ರಿ ತೆಗೆದ ಒಂದು ರೋಲ್ ತೊಳೆದು ಒಣಗಿಸಿ, ನೆಗೆಟಿವ್ ಮೇಲೆ ಲೂಪ್ (ಭೂತಗನ್ನಡಿ) ಇಟ್ಟು ನೋಡುತ್ತಿದ್ದೆ. ಸೇತುವೆಯ ಮೇಲೆ ಸಾಲಾಗಿ ದೀಪಗಳು, ಕೆಳಗೆ ನೀರು. ನೆಗೆಟಿವ್‌ನಲ್ಲಿ ದೀಪ ಅಂದರೆ ಕಪ್ಪು ಚುಕ್ಕಿ. ಚುಕ್ಕಿಗಳ ಸಾಲು ಸರಿಯಾಗಿಯೇ ಬಂದಿತ್ತು. ಕೆಳಗೆ ನೀರಿನಲ್ಲಿ ಅದೇ ಸಾಲು ಇನ್ನೊಂದು ಸಲ, ಸ್ವಲ್ಪ ಮಸುಕಾಗಿ. ನೀರಿನ ಪ್ರತಿಬಿಂಬ ಇರಬೇಕು ಅಂದುಕೊಂಡೆ.

ಆದರೆ ಸೇತುವೆಯಲ್ಲಿ ಎಡದಿಂದ ಮೂರನೆಯ ದೀಪ ಅವತ್ತು ಉರಿಯುತ್ತಿರಲಿಲ್ಲ. ನೀರಿನ ಪ್ರತಿಬಿಂಬವಾಗಿದ್ದರೆ ಅದೇ ದೀಪದ ಕೆಳಗೆ ಖಾಲಿ ಜಾಗ ಕಾಣಬೇಕಿತ್ತು. ಇಲ್ಲಿ ಖಾಲಿ ಜಾಗ ಬಲದಿಂದ ಮೂರನೆಯದಾಗಿ ಕೂತಿತ್ತು. ಅಂದರೆ ಸಾಲು ತಲೆಕೆಳಗಾಗಿದ್ದಷ್ಟೇ ಅಲ್ಲ, ಎಡಬಲವೂ ಅದಲುಬದಲಾಗಿತ್ತು. ನೀರು ಹಾಗೆ ಮಾಡುವುದಿಲ್ಲ. ಅದನ್ನು ಮಾಡಿದ್ದು ಲೆನ್ಸ್ ಮುಂದೆ ಇದ್ದ ಯುವಿ ಫಿಲ್ಟರ್, ಅಂದರೆ ಅತಿನೇರಳೆ ಬೆಳಕು ತಡೆಯುವ ಗಾಜು. ಬಲವಾದ ಬೆಳಕು ಫಿಲ್ಮ್‌ನ ಮೇಲಿಂದ, ಲೆನ್ಸ್‌ನ ಗಾಜುಗಳಿಂದ ಪುಟಿದು ವಾಪಸ್ ಮುಂದಕ್ಕೆ ಬರುತ್ತದೆ. ಅಲ್ಲಿ ಫಿಲ್ಟರ್‌ನ ಚಪ್ಪಟೆ ಗಾಜು ಸಿಕ್ಕರೆ ಮತ್ತೆ ಒಳಕ್ಕೆ ತಿರುಗುತ್ತದೆ. ಫ್ರೇಮ್‌ನ ಮಧ್ಯಬಿಂದುವಿನ ಆಚೆ ಬದಿಗೆ ಹೋಗಿ ಬೀಳುತ್ತದೆ. ರೋಲ್‌ನ ರಾತ್ರಿಯ ಫ್ರೇಮ್ ಎಲ್ಲದರಲ್ಲೂ ಇದೇ ಕಥೆ. ತುಂಬಾ ಬೇಜಾರಾಯಿತು. ಆ ಫಿಲ್ಟರ್ ಲೆನ್ಸ್ ಜೊತೆ ಉಚಿತವಾಗಿ ಬಂದಿತ್ತು, ಗೀರು ಬೀಳದಿರಲಿ ಅಂತ ಸುಮ್ನೆ ಹಾಕಿಟ್ಟಿದ್ದೆ.

ಅವತ್ತಿನಿಂದ ಫಿಲ್ಟರ್ ಅನ್ನು ಲೆನ್ಸ್‌ನ ಒಂದು ಗಾಜು ಅಂತಲೇ ಲೆಕ್ಕ ಹಾಕುತ್ತೇನೆ. ಫಿಲ್ಮ್‌ನಲ್ಲಿ ಕೆಲಸ ಮಾಡುವವರಿಗೆ ಇದು ಇನ್ನೂ ಮುಖ್ಯ. ತಪ್ಪು ಗೊತ್ತಾಗುವಷ್ಟರಲ್ಲಿ 36 ಫ್ರೇಮ್ ಮುಗಿದಿರುತ್ತದೆ.

ಕೋಟಿಂಗ್ (ಪ್ರತಿಫಲನ ತಗ್ಗಿಸುವ ತೆಳು ಲೇಪ) ಇಲ್ಲದ ಗಾಜು ಪ್ರತಿ ಮೇಲ್ಮೈಯಲ್ಲೂ ಸುಮಾರು 4 ಶೇಕಡಾ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಫಿಲ್ಟರ್‌ಗೆ ಎರಡು ಮೇಲ್ಮೈ, ಹಾಗಾಗಿ ಸುಮಾರು 8 ಶೇಕಡಾ. ಹೋದ ಬೆಳಕಿನ ಬಗ್ಗೆ ನನಗೆ ಚಿಂತೆ ಇಲ್ಲ, ಅದು ಬರೀ ಒಂದು ಚೂರು ಎಕ್ಸ್‌ಪೋಷರ್. ಒಳಗೇ ಅಲೆದಾಡುವ ಬೆಳಕು ನೆರಳಿನ ಜಾಗವನ್ನು ಮಬ್ಬು ಮಾಡುತ್ತದಲ್ಲ, ಅದೇ ತೊಂದರೆ. ಹಲವು ಪದರದ ಒಳ್ಳೆಯ ಮಲ್ಟಿಕೋಟಿಂಗ್ ಇದ್ದರೆ ಪ್ರತಿ ಮೇಲ್ಮೈಯಿಂದ ಪುಟಿಯುವುದು ಅರ್ಧ ಶೇಕಡಾಕ್ಕಿಂತ ಕಡಿಮೆಯಾಗುತ್ತದೆ.

ಇದನ್ನು ನೋಡಲು ಯಾವ ಉಪಕರಣವೂ ಬೇಡ. ಫಿಲ್ಟರ್ ಅನ್ನು ಕಪ್ಪು ಬಟ್ಟೆಯ ಮೇಲೆ ಹಿಡಿದು, ಅದರಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಬಿಳಿಯಾಗಿ, ಕಣ್ಣಿಗೆ ಹೊಡೆಯುವ ಹಾಗೆ ಕಂಡರೆ ಕೋಟಿಂಗ್ ಇಲ್ಲ. ಮಂಕಾಗಿ, ಹಸಿರೋ ನೇರಳೆಯೋ ಬಣ್ಣದಲ್ಲಿ ಕಂಡರೆ ಮಲ್ಟಿಕೋಟಿಂಗ್ ಇದೆ. ಆಮೇಲೆ ಫಿಲ್ಟರ್ ಅನ್ನು ನಿಧಾನವಾಗಿ ಓರೆ ಮಾಡುತ್ತಾ ಟ್ಯೂಬಿನ ಅಂಚನ್ನೇ ಗಮನಿಸುತ್ತೇನೆ. ಗಾಜು ಸಮತಟ್ಟಾಗಿದ್ದರೆ ಆ ಅಂಚು ನೂಲು ಹಿಡಿದ ಹಾಗೆ ನೇರವಾಗಿ ಜಾರುತ್ತದೆ. ಗಾಜಿನಲ್ಲಿ ಉಬ್ಬುತಗ್ಗು ಇದ್ದರೆ ಅಂಚು ಹಾವಿನ ಹಾಗೆ ಬಳುಕುತ್ತದೆ. ನನ್ನ ಆ ಉಚಿತ ಫಿಲ್ಟರ್‌ನಲ್ಲಿ ಎರಡೂ ದೋಷ ಇತ್ತು.

ಇನ್ನೊಂದು ಪರೀಕ್ಷೆ ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸ್‌ನದು. 135 ಅಥವಾ 200 ಎಂಎಂ ಲೆನ್ಸ್ ಅನ್ನು ಟ್ರೈಪಾಡ್ ಮೇಲೆ ಇಟ್ಟು ದೂರದ ಕಂಬಕ್ಕೆ ಫೋಕಸ್ ಮಾಡಿ. ಫಿಲ್ಟರ್ ಅನ್ನು ಲೆನ್ಸ್ ಮುಂದೆ ಹಿಡಿದು ತಿರುಗಿಸಿ. ವ್ಯೂಫೈಂಡರ್‌ನಲ್ಲಿ ಕಂಬ ಅಲ್ಲಾಡದೆ ನಿಂತರೆ ಗಾಜಿನ ಎರಡು ಮುಖ ಸಮಾನಾಂತರವಾಗಿವೆ. ಕಂಬ ಸುತ್ತು ಹೊಡೆದರೆ ಅದನ್ನು ವಾಪಸ್ ಕೊಟ್ಟುಬಿಡಿ. ವೈಡ್ ಲೆನ್ಸ್‌ನಲ್ಲಿ ಈ ದೋಷ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ, ಟೆಲಿಯಲ್ಲಿ ಮುಚ್ಚಿಡಲು ಆಗುವುದಿಲ್ಲ.

ನನ್ನ ಹತ್ತಿರ ಈಗ ಇರುವುದು ಹೋಯಾ ಕಂಪನಿಯ ಮಲ್ಟಿಕೋಟೆಡ್ ಕೆಲವು, ಬಿ+ಡಬ್ಲ್ಯೂ ಕಂಪನಿಯ ಎರಡು. ಬಿ+ಡಬ್ಲ್ಯೂದವಕ್ಕೆ ಹಿತ್ತಾಳೆಯ ರಿಂಗ್ ಇದೆ. ರಿಂಗ್ ಯಾವುದಾದರೇನು ಅನಿಸಬಹುದು. ಅಲ್ಯೂಮಿನಿಯಂ ರಿಂಗ್ ಅಲ್ಯೂಮಿನಿಯಂ ಥ್ರೆಡ್‌ಗೆ ಕಚ್ಚಿಕೊಳ್ಳುವುದು ಜಾಸ್ತಿ. ನನಗೂ ಒಮ್ಮೆ ಹಾಗೇ ಆಯಿತು. ಬೆರಳಿನಿಂದ ಹಿಂಡಿದಷ್ಟೂ ರಿಂಗ್ ಮೊಟ್ಟೆಯಾಕಾರಕ್ಕೆ ಬಗ್ಗಿ ಇನ್ನೂ ಬಿಗಿಯಾಗುತ್ತದೆ. ಚಪ್ಪಟೆ ರಬ್ಬರ್ ಹಾಳೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ರಿಂಗ್‌ನ ಮುಖಕ್ಕೆ ಮೆಲ್ಲಗೆ ಒತ್ತಿ ತಿರುಗಿಸಿದಾಗ ಬಿಟ್ಟುಕೊಂಡಿತು.

ಫಿಲ್ಮ್‌ಗೆ ಯುವಿ ಫಿಲ್ಟರ್ ಬೇಕೇ ಅಂತ ತುಂಬಾ ಜನ ಕೇಳುತ್ತಾರೆ. ಫಿಲ್ಮ್‌ನ ಎಮಲ್ಷನ್ ಯುವಿ ಬೆಳಕಿಗೆ ಡಿಜಿಟಲ್ ಸೆನ್ಸರ್‌ಗಿಂತ ಜಾಸ್ತಿ ಸ್ಪಂದಿಸುತ್ತದೆ. ಎತ್ತರದ ಬೆಟ್ಟಗಳಲ್ಲಿ, ದೂರದ ನೀಲಿ ಮಬ್ಬಿನಲ್ಲಿ ಅದಕ್ಕೆ ಕೆಲಸ ಇದೆ. ಉಳಿದ ಕಡೆ ನಾನು ಪಕ್ಕದ ಬೆಳಕು ತಡೆಯುವ ಲೆನ್ಸ್ ಹುಡ್ ಅನ್ನೇ ನಂಬುತ್ತೇನೆ.

ಕಪ್ಪುಬಿಳುಪಿನಲ್ಲಿ ಮಾತ್ರ ಫಿಲ್ಟರ್ ಇಲ್ಲದೆ ನನಗೆ ಕೆಲಸವೇ ಸಾಗುವುದಿಲ್ಲ. ಆಕಾಶದ ನೀಲಿ ಮತ್ತು ಮೋಡದ ಬಿಳಿ ಫಿಲ್ಮ್ ಮೇಲೆ ಹೆಚ್ಚುಕಡಿಮೆ ಒಂದೇ ಬೂದು ಆಗಿಬಿಡುತ್ತವೆ. ಸ್ಕ್ಯಾನ್ ಮಾಡಿದ ಮೇಲೆ ಕಂಪ್ಯೂಟರ್‌ನಲ್ಲಿ ಅದನ್ನು ಬೇರೆ ಮಾಡಲು ಅಲ್ಲಿ ಬಣ್ಣವೇ ಉಳಿದಿರುವುದಿಲ್ಲ. ಹಳದಿ ಫಿಲ್ಟರ್ ಹಾಕಿದರೆ ಮೋಡ ಎದ್ದು ನಿಲ್ಲುತ್ತದೆ. ಅದರ ಸಂಖ್ಯೆ ರಾಟನ್ 8, ಹಳೆಯ ಫಿಲ್ಟರ್‌ಗಳ ಮೇಲೆ ಕೆ2 ಅಂತ ಬರೆದಿರುತ್ತದೆ. 1912ರಲ್ಲಿ ಕೊಡಾಕ್ ಕೊಂಡುಕೊಂಡ ರಾಟನ್ ಅಂಡ್ ವೇನ್‌ರೈಟ್ ಕಂಪನಿಯಿಂದ ಬಂದ ಹೆಸರು ಅದು. ಹಳದಿಗೆ 1 ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು), ಕಿತ್ತಳೆಗೆ ಸುಮಾರು 2, ಕೆಂಪು 25ಕ್ಕೆ 3. ಎಲೆಗಳನ್ನು ತಿಳಿ ಮಾಡುವ ಹಸಿರು 11ಕ್ಕೆ 2. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಒಂದೇ: ಒಳ್ಳೆಯ ಹಳದಿ ಒಂದು ಸಾಕು. ನನ್ನ 50 ಎಂಎಂ ಲೆನ್ಸ್ ಮೇಲೆ ಅದು ಯಾವಾಗಲೂ ಇರುತ್ತದೆ.

ಕೆಂಪು ಫಿಲ್ಟರ್ ನನಗೆ ಒಂದು ಇಡೀ ರೋಲ್ ಖರ್ಚು ಮಾಡಿಸಿ ಪಾಠ ಕಲಿಸಿತು. ಕ್ಯಾಮೆರಾ ಲೆನ್ಸ್ ಮೂಲಕವೇ ಬೆಳಕು ಅಳೆಯುತ್ತದಲ್ಲ, ಫಿಲ್ಟರ್ ತಿನ್ನುವ ಬೆಳಕನ್ನೂ ಲೆಕ್ಕ ಹಿಡಿಯುತ್ತದೆ ಅಂತ ನಂಬಿ ಹಾಗೇ ಹೊಡೆದೆ. ನೆಗೆಟಿವ್ ಎಲ್ಲ ತೆಳುವಾಗಿ ಬಂತು, ನೆರಳಿನಲ್ಲಿ ಏನೂ ಇಲ್ಲ. ಹಳೆಯ ಕ್ಯಾಮೆರಾಗಳ ಸಿಡಿಎಸ್ (ಕ್ಯಾಡ್ಮಿಯಂ ಸಲ್ಫೈಡ್) ಬೆಳಕಿನ ಮೀಟರ್ ಕೆಂಪು ಬೆಳಕಿಗೆ ಫಿಲ್ಮ್‌ಗಿಂತ ಜಾಸ್ತಿ ಸ್ಪಂದಿಸುತ್ತದೆ. ಬೆಳಕು ಸಾಕಷ್ಟಿದೆ ಅಂತ ಅದು ಹೇಳುತ್ತದೆ, ಫಿಲ್ಮ್‌ಗೆ ಮಾತ್ರ ಸಾಕಾಗಿರುವುದಿಲ್ಲ. ಈಗ ಫಿಲ್ಟರ್ ಬಿಚ್ಚಿ ಮೀಟರ್ ನೋಡುತ್ತೇನೆ. ಅದು 1/500 ಅಂದರೆ ಕೆಂಪು ಹಾಕಿ 1/60ರಲ್ಲಿ ತೆಗೆಯುತ್ತೇನೆ, ಅಪರ್ಚರ್ ಮುಟ್ಟುವುದಿಲ್ಲ.

ಪ್ರತಿಫಲನ ತಗ್ಗಿಸುವ ಫಿಲ್ಟರ್ ಆದ ಪೋಲರೈಸರ್ ಕೊಳ್ಳುವಾಗ ಲೀನಿಯರ್, ಸರ್ಕ್ಯುಲರ್ ಎಂಬ ಗೊಂದಲ ಬರುತ್ತದೆ. ಅರೆಪಾರದರ್ಶಕ ಕನ್ನಡಿಯ ಮೂಲಕ ಮೀಟರ್ ಮಾಡುವ ನಿಕಾನ್ ಎಫ್3ಯಂಥ ಕ್ಯಾಮೆರಾಗಳಿಗೆ, ಆಟೋಫೋಕಸ್ ಎಸ್‌ಎಲ್‌ಆರ್‌ಗಳಿಗೆ ಸರ್ಕ್ಯುಲರ್ ಬೇಕು. ಪೆಂಟಾಕ್ಸ್ ಕೆ1000ದಂಥ ಸರಳ ಕ್ಯಾಮೆರಾಗೆ ಲೀನಿಯರ್ ಸಾಕು. ಹಳೆಯ ಫಿಲ್ಟರ್ ಮೇಲಿನ ಬರಹ ಅಳಿಸಿಹೋಗಿದ್ದರೆ ಕನ್ನಡಿ ಮುಂದೆ ನಿಲ್ಲಿ. ಲೆನ್ಸ್‌ಗೆ ಕೂರಿಸುವ ಥ್ರೆಡ್ ಇರುವ ಬದಿ ಕನ್ನಡಿ ಕಡೆ ಬರುವ ಹಾಗೆ ಕಣ್ಣಿಗೆ ಹಿಡಿದು, ಅದರ ಮೂಲಕ ಕನ್ನಡಿಯಲ್ಲಿರುವ ಅದೇ ಫಿಲ್ಟರ್ ನೋಡಿ. ಕಪ್ಪಗೆ ಕಂಡರೆ ಸರ್ಕ್ಯುಲರ್. ಎರಡು ಬದಿಯಿಂದಲೂ ತಿಳಿಯಾಗಿಯೇ ಕಂಡರೆ ಲೀನಿಯರ್. ಗಾಜುಗಳ ನಡುವಿನ ಪದರ ಅಂಚಿನಿಂದ ಬಿಟ್ಟುಕೊಳ್ಳುತ್ತಿದೆಯಾ ಅಂತಲೂ ನೋಡಿ. ಗುಳ್ಳೆ ಕಂಡರೆ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಪ್ರತಿ ಲೆನ್ಸ್‌ಗೂ ಬೇರೆ ಬೇರೆ ಫಿಲ್ಟರ್ ಕೊಳ್ಳುವುದನ್ನು ನಿಲ್ಲಿಸಿದೆ. ನನ್ನ ಲೆನ್ಸ್‌ಗಳ ಫಿಲ್ಟರ್ ಥ್ರೆಡ್‌ನ ಅಳತೆ 49, 52 ಮತ್ತು 55 ಎಂಎಂ. ಎಲ್ಲ ಫಿಲ್ಟರ್ 58ರಲ್ಲಿ ತೆಗೆದುಕೊಂಡು, ಸಣ್ಣ ಥ್ರೆಡ್‌ಗೆ ದೊಡ್ಡ ಫಿಲ್ಟರ್ ಕೂರಿಸುವ ಸ್ಟೆಪ್‌ಅಪ್ ರಿಂಗ್ ಹಾಕುತ್ತೇನೆ. ಮೂರು ಸಾಧಾರಣ ಫಿಲ್ಟರ್‌ಗೆ ಕೊಡುವ ಹಣದಲ್ಲಿ ಒಂದು ಒಳ್ಳೆಯದು ಬರುತ್ತದೆ. ಒಂದೇ ಕೊರತೆ, ಲೆನ್ಸ್‌ನ ಸ್ವಂತ ಹುಡ್ ಕೂರುವುದಿಲ್ಲ. 58ಕ್ಕೆ ರಬ್ಬರ್ ಹುಡ್ ಬೇರೆ ತಂದುಕೊಂಡೆ.

ಹೊಸ ಫಿಲ್ಟರ್ ಬಂದರೆ ಮುಂದಿನ ರೋಲ್‌ನ ಮೊದಲ ಎರಡು ಫ್ರೇಮ್ ಅದಕ್ಕೇ ಮೀಸಲು. ಒಂದೇ ದೃಶ್ಯ, ಒಂದು ಫಿಲ್ಟರ್ ಇಲ್ಲದೆ, ಒಂದು ಹಾಕಿ. ಯಾವುದು ಯಾವುದೆಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಫಿಲ್ಮ್ ತೊಳೆಯುವ ಹೊತ್ತಿಗೆ ಮರೆತುಹೋಗಿರುತ್ತದೆ. ಮಲ್ಟಿಕೋಟೆಡ್ ಯುವಿ ಬಂದಾಗ ಅದೇ ಸೇತುವೆಗೆ ಮತ್ತೆ ಹೋಗಿದ್ದೆ. ಹಾಕಿ ತೆಗೆದ ಫ್ರೇಮ್‌ನಲ್ಲಿ ನೀರಿನ ಮೇಲೆ ಬರಿಗಣ್ಣಿಗೆ ಏನೂ ಕಾಣಲಿಲ್ಲ. ಲೂಪ್ ಇಟ್ಟು ಹುಡುಕಿದಾಗ ಅತಿ ಪ್ರಖರವಾದ ಎರಡು ದೀಪಗಳಿಗೆ ಮಾತ್ರ, ಕೂದಲೆಳೆಯಷ್ಟು ಮಸುಕಾದ ಜೋಡಿ ಚುಕ್ಕಿ ಸಿಕ್ಕಿತು. ಇಲ್ಲದೆ ತೆಗೆದ ಫ್ರೇಮ್‌ನಲ್ಲಿ ಅದೂ ಇರಲಿಲ್ಲ. ಆ ಪುಟದಲ್ಲಿ ಬರೆದಿಟ್ಟಿದ್ದೇನೆ: ರಾತ್ರಿ ಬಿಚ್ಚಿಡುವುದು.